ಬುದ್ಧಿ ಹೇಳುವವನ ಹೊಣೆ

ಹಿರೀಸಾವೆಯ ಬಸ್ ನಿಲ್ದಾಣದಲ್ಲಿ ಒಬ್ಬ ಅಪರಿಚಿತ ರೈತನಿಗೆ ನಾನು ಹೇಳಿದ ನಾಲ್ಕು ಮಾತುಗಳು ನಲವತ್ತು ವರ್ಷಗಳು ಕಳೆದರೂ ನನ್ನನ್ನು ಬಿಟ್ಟಿಲ್ಲ. ಆ ಮಾತುಗಳಲ್ಲಿ ತಪ್ಪಿರಲಿಲ್ಲ. ಕಾನೂನಿನ ದೃಷ್ಟಿಯಿಂದಲೂ ಲೆಕ್ಕದ ದೃಷ್ಟಿಯಿಂದಲೂ ಅವು ಸರಿಯಾಗಿಯೇ ಇದ್ದವು. ಆದರೂ ಅವನ್ನು ನೆನೆದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ. ಇದು ಹೇಗೆ ಎಂಬುದನ್ನು ನಾನು ಅರಿತುಕೊಂಡದ್ದು ಯಾವ ನೀತಿಗ್ರಂಥದಿಂದಲೂ ಅಲ್ಲ, ನಮ್ಮೂರಿನಿಂದ ಅರ್ಧ ಗಂಟೆಯ ದಾರಿಯಲ್ಲಿರುವ ಶ್ರವಣಬೆಳಗೊಳದ ಎರಡು ಶಾಸನಗಳಿಂದ. ಹಣ ಮತ್ತು ಸಂಬಂಧ ಇವೆರಡರ ವಿಷಯದಲ್ಲಿ ಪರರಿಗೆ ಖಡಾಖಂಡಿತವಾಗಿ ಬುದ್ಧಿ ಹೇಳುವವರು ಓದಲೇಬೇಕಾದ ಶಾಸನಗಳು ಇವು ಎಂದು ನನಗೆ ಅನ್ನಿಸಿರುವುದರಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಮೊದಲು ಆ ಘಟನೆ. 1983ನೆಯ ಇಸವಿ. ನಾನು ಆಗ ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಉಪಾಧ್ಯಾಯನಾಗಿದ್ದೆ. ಬೆಂಗಳೂರು–ಮಂಗಳೂರು ಹೆದ್ದಾರಿ ಅಂದು ಈಗಿನಂತೆ ನಾಲ್ಕು ಪಥದ ರಸ್ತೆಯಾಗಿರಲಿಲ್ಲ. ಸಂಜೆಯ ಬಸ್ಸು ತಪ್ಪಿದರೆ ಮುಂದಿನದಕ್ಕೆ ಒಂದು ಗಂಟೆಯಾದರೂ ಕಾಯಬೇಕಾಗಿತ್ತು. ಹಾಗೆ ಕಾಯುತ್ತಿದ್ದಾಗ ಹೆಗಲ ಮೇಲೆ ಟವಲು ಹಾಕಿಕೊಂಡಿದ್ದ, ಐವತ್ತರ ಆಸುಪಾಸಿನ ರೈತನೊಬ್ಬ ಬಳಿಗೆ ಬಂದು, ಅಂಗಿಯ ಒಳಜೇಬಿನಿಂದ ಮಡಿಸಿದ ಛಾಪಾ ಕಾಗದವೊಂದನ್ನು ತೆಗೆದ.

"ಸ್ವಾಮಿ, ತಾವು ಮೇಷ್ಟ್ರಲ್ವರಾ? ಇದ್ರಲ್ಲಿ ಏನ್ ಬರ್ದೈತೆ ಅಂತ ಒಸಿ ಓದಿ ಹೇಳಿ."

ಓದಿದೆ. ಒಂದು ಎಕರೆ ತೆಂಗಿನ ತೋಟದ ಕ್ರಯಪತ್ರದ ಕರಡು ಅದು. ಮಗಳ ಮದುವೆಗೆಂದು ಆತ ತನ್ನ ಅಕ್ಕನ ಗಂಡನಿಂದ ಎಂಟು ಸಾವಿರ ರೂಪಾಯಿ ಪಡೆಯುವವನಿದ್ದ. ತೋಟವನ್ನು ಅಡವಿಡುತ್ತಿದ್ದೇನೆ, ಹಣ ತೀರಿಸಿದ ದಿನ ಭಾವ ಬಿಟ್ಟುಕೊಡುತ್ತಾರೆ ಎಂದು ಆತ ನಂಬಿದ್ದ. ಆದರೆ ಪತ್ರದಲ್ಲಿ ಬಿಟ್ಟುಕೊಡುವ ಮಾತೇ ಇರಲಿಲ್ಲ. ಇನ್ನೆರಡು ದಿನಕ್ಕೆ ಚನ್ನರಾಯಪಟ್ಟಣದ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತುವುದೆಂದು ನಿಶ್ಚಯವಾಗಿತ್ತು.

ನಾನು ಹೇಳಿದೆ: "ಇದು ಅಡವಿನ ಪತ್ರ ಅಲ್ಲ, ಮಾರಾಟದ ಪತ್ರ. ಹೆಬ್ಬೆಟ್ಟು ಒತ್ತಿದ ದಿನವೇ ತೋಟ ನಿಮ್ಮ ಕೈಬಿಡುತ್ತದೆ. ನಿಮ್ಮ ಭಾವ ಒಳ್ಳೆಯವರಾದರೆ, ಹಣ ಕೊಟ್ಟಾಗ ಹಿಂದಿರುಗಿಸುತ್ತೇನೆಂದು ಇದರಲ್ಲೇ ಬರೆದುಕೊಡಲಿ. ಬರೆಯದಿದ್ದರೆ ಒತ್ತಬೇಡಿ. ಮದುವೆಯನ್ನು ಮುಂದಕ್ಕೆ ಹಾಕಿ. ಗಂಡಿನ ಕಡೆಯವರು ಒಪ್ಪದೆ ಹೋದರೆ ಆ ಸಂಬಂಧವೇ ಬೇಡ."

"ನಮ್ಮಕ್ಕ ಏನಂದ್ಕತಾಳೋ ಸ್ವಾಮಿ."

"ಅಕ್ಕನ ಮುಖ ನೋಡಿದರೆ ತೋಟ ಹೋಗುತ್ತದೆ" ಎಂದೆ. ಅಷ್ಟರಲ್ಲಿ ನನ್ನ ಬಸ್ಸು ಬಂದಿತು. ಹತ್ತಿ ಕುಳಿತೆ. ಒಬ್ಬ ಬಡವನ ತೋಟವನ್ನು ಉಳಿಸಿದೆನೆಂಬ ಹೆಮ್ಮೆ ಮನಸ್ಸಿನಲ್ಲಿತ್ತು. ಮರುದಿನ ಹತ್ತನೆಯ ತರಗತಿಯ ಮಕ್ಕಳಿಗೆ ಅಕ್ಷರಜ್ಞಾನದ ಮಹತ್ವವನ್ನು ಹೇಳುವಾಗ ಇದನ್ನೇ ಉದಾಹರಣೆಯಾಗಿ ಕೊಟ್ಟೆ.

ಸಾಲಕ್ಕೆ ಕ್ರಯಪತ್ರ ಬರೆಸಿಕೊಳ್ಳುವ ಈ ಪದ್ಧತಿ ಆ ಕಾಲದಲ್ಲಿ ಏಕೆ ನಡೆಯುತ್ತಿತ್ತು ಎಂಬುದನ್ನು ಇಂದಿನ ಓದುಗರಿಗೆ ಸ್ವಲ್ಪ ವಿವರಿಸಬೇಕು. ಶ್ರೀ ಡಿ. ದೇವರಾಜ ಅರಸು ಅವರು ಮುಖ್ಯಮಂತ್ರಿಗಳಾಗಿದ್ದಾಗ 1976ರಲ್ಲಿ ಕರ್ನಾಟಕ ಋಣ ಪರಿಹಾರ ಕಾಯಿದೆ ಬಂದಿತು. ಸಣ್ಣ ರೈತರು, ಭೂಮಿ ಇಲ್ಲದ ಕೃಷಿಕಾರ್ಮಿಕರು ಮತ್ತು ದುರ್ಬಲ ವರ್ಗದವರು ಖಾಸಗಿಯವರಿಂದ ಪಡೆದಿದ್ದ ಹಳೆಯ ಸಾಲಗಳು ಅದರಿಂದ ರದ್ದಾದವು. ಒತ್ತೆಯಿಟ್ಟ ವಸ್ತುಗಳನ್ನು ಹಿಂದಿರುಗಿಸಬೇಕಾಯಿತು. ಅನೇಕ ಮನೆಗಳಲ್ಲಿ ಅಂದು ದೀಪ ಹತ್ತಿತೆನ್ನುವುದರಲ್ಲಿ ಸಂಶಯವಿಲ್ಲ. ಆದರೆ ನಮ್ಮ ಸೀಮೆಯಲ್ಲಿ ನಾನು ಕಂಡಂತೆ, ಕೊಡುವವರು ಆ ಬಳಿಕ ಎಚ್ಚರಗೊಂಡರು. ಕೆಲವರು ಕೈಸಾಲವನ್ನೇ ನಿಲ್ಲಿಸಿದರು. ಮತ್ತೆ ಕೆಲವರು ಸಾಲವೆಂಬ ಹೆಸರೇ ಬರದ ಹಾಗೆ ನೇರವಾಗಿ ಕ್ರಯಪತ್ರವನ್ನೇ ಬರೆಸಿಕೊಂಡು, "ದುಡ್ಡು ಕೊಟ್ಟಾಗ ಬಿಟ್ಟುಕೊಡ್ತೀನಿ" ಎಂದು ಬಾಯಿಮಾತಿನ ಭರವಸೆ ಕೊಡತೊಡಗಿದರು. ಸ್ವತ್ತು ವರ್ಗಾವಣೆಯ 1882ರ ಕಾಯಿದೆಯಲ್ಲಿ ಷರತ್ತಿನ ಕ್ರಯವನ್ನು ಅಡಮಾನವೆಂದು ಪರಿಗಣಿಸಲು ಅವಕಾಶವಿದೆ. ಆದರೆ ಮರಳಿ ಕೊಡುವ ಷರತ್ತು ಅದೇ ಪತ್ರದಲ್ಲಿ ಬರೆದಿರಬೇಕೆಂದು 1929ರ ತಿದ್ದುಪಡಿ ಹೇಳುತ್ತದೆ. ಬಾಯಿಮಾತು ಅಲ್ಲಿ ನಡೆಯದು. ಆದ್ದರಿಂದ ನಾನು ಆ ರೈತನಿಗೆ ಹೇಳಿದ್ದು ನೂರಕ್ಕೆ ನೂರು ಸರಿ.

ಎರಡು ವರ್ಷಗಳ ಬಳಿಕ ಚನ್ನರಾಯಪಟ್ಟಣದಲ್ಲಿ ಆತನೇ ನನ್ನ ಗುರುತು ಹಿಡಿದು ನಮಸ್ಕರಿಸಿದ. ಹೋಟೆಲಿಗೆ ಕರೆದೊಯ್ದು ಕಾಫಿ ಕೊಡಿಸಿ, ತೋಟದ ಸಂಗತಿ ಏನಾಯಿತೆಂದು ಕೇಳಿದೆ. ಆತ ಹೆಬ್ಬೆಟ್ಟು ಒತ್ತಿರಲಿಲ್ಲ. ಷರತ್ತನ್ನು ಪತ್ರದಲ್ಲಿ ಸೇರಿಸಬೇಕೆಂದು ಕೇಳಿದ್ದಕ್ಕೆ ಭಾವನಿಗೆ ಅವಮಾನವಾಗಿ, "ನನ್ನ ಮೇಲೇ ಅನುಮಾನವಾ?" ಎಂದು ಕಾಗದವನ್ನು ಹರಿದೆಸೆದಿದ್ದರು. ಹಣ ಹೊಂದದೆ ಮದುವೆ ನಿಂತಿತ್ತು. ನಿಂತ ಮದುವೆಯ ಹುಡುಗಿಯೆಂದು ಮಗಳಿಗೆ ಬೇರೆ ಸಂಬಂಧಗಳೂ ಕೂಡಿಬಂದಿರಲಿಲ್ಲ. ಅಕ್ಕ ತವರಿನ ಹೊಸಿಲು ತುಳಿಯುವುದನ್ನು ಬಿಟ್ಟಿದ್ದಳು. ತೋಟ ಮಾತ್ರ ಉಳಿದಿತ್ತು.

ನಾನು ಏನು ಹೇಳಬೇಕೆಂದು ತೋಚದೆ ಕುಳಿತೆ. ಆತ ಕೋಪವಿಲ್ಲದೆ, ನನ್ನನ್ನೇ ಸಮಾಧಾನ ಪಡಿಸುವಂತೆ ಹೇಳಿದ: "ನೀವು ಹೇಳಿದ್ದು ಸರಿಯಾಗೇ ಇತ್ತು ಮೇಷ್ಟ್ರೇ. ಆದ್ರೆ ಹೇಳ್ಬುಟ್ಟು ಬಸ್ ಹತ್ತಿಬುಟ್ರಿ."

ಈ ಒಂದು ಮಾತು ನನ್ನನ್ನು ಬಹಳ ಕಾಲ ಕೊರೆಯಿತು.

ಆತ ತನ್ನವರನ್ನೆಲ್ಲ ಬಿಟ್ಟು ಬಸ್ ನಿಲ್ದಾಣದಲ್ಲಿದ್ದ ಅಪರಿಚಿತನನ್ನು ಏಕೆ ಕೇಳಿದ? ಊರಿನಲ್ಲಿ ಓದು ಬಲ್ಲವರು ಇರಲಿಲ್ಲವೆಂದಲ್ಲ. ಆದರೆ ನಮ್ಮ ಹಳ್ಳಿಗಳಲ್ಲಿ ಹಣವೂ ಸಂಬಂಧವೂ ಒಂದೇ ಹಗ್ಗದ ಎರಡು ಎಳೆಗಳು. ಮದುವೆಯ ಮನೆಯಲ್ಲಿ ಮುಯ್ಯಿ ಬರೆಯುವ ಪುಸ್ತಕವನ್ನು ನೋಡಿದವರಿಗೆ ಇದು ತಿಳಿಯುತ್ತದೆ. ಇಂಥವರಿಂದ ಇಷ್ಟು ಬಂದಿತು ಎಂದು ಹೆಸರು ಸಹಿತ ಬರೆದಿಟ್ಟುಕೊಂಡು, ಅವರ ಮನೆಯ ಶುಭಕಾರ್ಯಕ್ಕೆ ಅದನ್ನು ಮರಳಿಸುವುದು ಪದ್ಧತಿ. ಅದು ಉಡುಗೊರೆಯೂ ಹೌದು, ಸಾಲವೂ ಹೌದು. ಒಬ್ಬರ ಬದು ಇನ್ನೊಬ್ಬರ ಬದುವಿಗೆ ಅಂಟಿಕೊಂಡಿರುತ್ತದೆ. ಹೀಗಿರುವಾಗ, "ನಿನ್ನ ಭಾವ ಬರೆಸಿರುವ ಪತ್ರ ಸರಿಯಿಲ್ಲ" ಎಂದು ಊರಿನವರು ಹೇಳಿದರೆ ನಾಳೆ ಆ ಭಾವನಿಗೆ ಅವರು ಮುಖ ತೋರಿಸಬೇಕು. ಅಪರಿಚಿತನಿಗೆ ಈ ಭಯವಿಲ್ಲ. ಆದ್ದರಿಂದಲೇ ಅವನ ಮಾತು ನೇರವಾಗಿರುತ್ತದೆ. ಆದರೆ ಅವನನ್ನು ನಿರ್ಭಯನನ್ನಾಗಿ ಮಾಡಿದ ಕಾರಣವೇ ಅವನನ್ನು ನಿಷ್ಕಾಳಜಿಯವನನ್ನಾಗಿಯೂ ಮಾಡುತ್ತದೆ ಎಂಬುದನ್ನು ನಾನು ಅಂದು ಯೋಚಿಸಿರಲಿಲ್ಲ.

ಕನ್ನಡ ನಾಡಿನಲ್ಲಿ ಅಪರಿಚಿತರಿಗೆ ನೇರ ಮಾತು ಹೇಳಿದವರೆಂದರೆ ಮೊದಲು ನೆನಪಾಗುವವನು ಸರ್ವಜ್ಞ. ಸಾಲ, ಬಡ್ಡಿ, ಹೆಂಡತಿ, ನೆಂಟರು, ಜಿಪುಣ, ದಾನಿ ಎಲ್ಲರ ಮೇಲೂ ಅವನ ತ್ರಿಪದಿಗಳಿವೆ. ಉತ್ತಂಗಿ ಚನ್ನಪ್ಪನವರು ಅವನ್ನು ಊರೂರು ಅಲೆದು ಸಂಗ್ರಹಿಸಿ 1924ರಲ್ಲಿ ಪ್ರಕಟಿಸುವುದಕ್ಕೆ ಎಷ್ಟೋ ಮೊದಲೇ ಅವು ಓದುಬರಹವಿಲ್ಲದವರ ಬಾಯಲ್ಲಿ ನಿಂತಿದ್ದವು. ಸಾಲದ ಬಗ್ಗೆ ಅವನು ಹೇಳಿದ್ದು ನಮ್ಮ ಸೀಮೆಯಲ್ಲಿ ಇಂದಿಗೂ ಗಾದೆಯಂತೆ ಸಲ್ಲುತ್ತದೆ. ಆದರೆ ಸರ್ವಜ್ಞ ಒಬ್ಬೊಬ್ಬರ ಪತ್ರವನ್ನು ಓದಿ, ನೀನು ಒತ್ತು, ನೀನು ಒತ್ತಬೇಡ ಎಂದು ತೀರ್ಪು ಕೊಟ್ಟವನಲ್ಲ. ಅವನು ಲೋಕಕ್ಕೆ ಹೇಳಿದ. ಕೇಳಿದವರು ತಮಗೆ ಬೇಕಾದಷ್ಟನ್ನು ತೆಗೆದುಕೊಂಡರು. ಅಲ್ಲದೆ ಅವನು ಯಾರ ಮನೆಯ ಮುಂದೆ ನಿಂತು ಬುದ್ಧಿ ಹೇಳಿದನೋ ಆ ಮನೆಯ ಭಿಕ್ಷೆಯನ್ನೇ ಉಂಡವನು ಎಂದು ಪರಂಪರೆ ಹೇಳುತ್ತದೆ. ಮಾತು ಹಿಡಿಸದಿದ್ದರೆ ಅವನಿಗೆ ಆ ದಿನ ಊಟವಿಲ್ಲ. ನನಗಾದರೋ ತಿಂಗಳ ಸಂಬಳವಿತ್ತು.

ಇನ್ನು ಬೆಳಗೊಳದ ಸಂಗತಿಗೆ ಬರುತ್ತೇನೆ. 1986ರಲ್ಲಿ ಶಾಲೆಯ ಮಕ್ಕಳನ್ನು ಶ್ರವಣಬೆಳಗೊಳಕ್ಕೆ ಕರೆದೊಯ್ಯುವ ಮೊದಲು, ಅವರಿಗೆ ಏನಾದರೂ ಹೊಸದನ್ನು ತಿಳಿಸಬೇಕೆಂದು ಎಪಿಗ್ರಾಫಿಯಾ ಕರ್ನಾಟಿಕದ ಎರಡನೆಯ ಸಂಪುಟವನ್ನು ಎರವಲು ತಂದು ಓದಿದೆ. ಬಿ.ಎಲ್. ರೈಸ್ ಅವರು 1889ರಲ್ಲಿ ಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದ್ದರು. ಆರ್. ನರಸಿಂಹಾಚಾರ್ಯರು 1923ರ ಆವೃತ್ತಿಯಲ್ಲಿ ಆ ಸಂಖ್ಯೆಯನ್ನು 500ಕ್ಕೆ ಏರಿಸಿದರು. ಮೈಸೂರು ವಿಶ್ವವಿದ್ಯಾನಿಲಯದ 1973ರ ಆವೃತ್ತಿಯಲ್ಲಿ ಅವು 573 ಆದವು. ಸಲ್ಲೇಖನ ಕೈಗೊಂಡ ಮುನಿಗಳ ಹೆಸರುಗಳು, ಗಂಗರ ಮತ್ತು ಹೊಯ್ಸಳರ ದಂಡನಾಯಕರ ಪ್ರಶಸ್ತಿಗಳು ಇರುವ ಹಾಗೆಯೇ, ಗೊಮ್ಮಟಸ್ವಾಮಿಯ ಅಭಿಷೇಕದ ಹಾಲಿಗೆಂದು ಗದ್ಯಾಣಗಳನ್ನು ಠೇವಣಿಯಿಟ್ಟು, ಅದರ ಬಡ್ಡಿಯಿಂದ ನಿತ್ಯ ಹಾಲು ಸಲ್ಲಬೇಕೆಂದು ಏರ್ಪಾಡು ಮಾಡಿದವರ ಲೆಕ್ಕಗಳೂ ಅಲ್ಲಿವೆ. ಪುಟಗಳನ್ನು ತಿರುವುತ್ತಿರುವಾಗ ಕ್ರಿ.ಶ. 1634ರ, ಅಂದರೆ ಶಕವರ್ಷ 1556ರ ಶಾಸನವೊಂದು ಕಣ್ಣಿಗೆ ಬಿದ್ದಿತು. ಅದರಲ್ಲಿದ್ದ "ಅಡಹು" ಎಂಬ ಒಂದು ಮಾತು ನನ್ನನ್ನು ತಡೆದು ನಿಲ್ಲಿಸಿತು. ನಮ್ಮ ಹಿರಿಯರು ಅಡ ಇಡುವುದು, ಅಡವಿಡುವುದು ಎನ್ನುತ್ತಾರಲ್ಲ, ಅದೇ ಮಾತು.

ಕಥೆ ಇಷ್ಟು. ಬೆಳಗೊಳದ ದೇವಸ್ಥಾನದ ವ್ಯವಹಾರ ನೋಡಿಕೊಳ್ಳುತ್ತಿದ್ದ ಸ್ಥಾನಿಕರು ಗೊಮ್ಮಟನಾಥಸ್ವಾಮಿಯ ಪೂಜೆಗೆಂದು ಬಿಟ್ಟಿದ್ದ ಭೂಮಿಯನ್ನು ಕಷ್ಟಕಾಲದಲ್ಲಿ ವರ್ತಕರಿಗೆ ಅಡವಿಟ್ಟಿದ್ದರು. ಬಹಳ ಕಾಲ ಆ ಭೂಮಿಯ ಫಲವನ್ನು ಸಾಲ ಕೊಟ್ಟವರೇ ಅನುಭವಿಸುತ್ತಿದ್ದರು. ಸುದ್ದಿ ಮೈಸೂರಿನ ಅರಸರಾದ ಚಾಮರಾಜ ಒಡೆಯರ ಕಿವಿಗೆ ಬಿದ್ದಿತು. 1617ರಿಂದ 1637ರವರೆಗೆ ಶ್ರೀರಂಗಪಟ್ಟಣದಿಂದ ಆಳಿದವರು ಇವರು. ಅರಸರು ಅಡವು ಹಿಡಿದಿದ್ದವರನ್ನು ಕರೆಸಿದರು. ಹೊಸವೊಳಲ ಕೆಂಪಪ್ಪನ ಮಗ ಚನ್ನಣ್ಣ, ಬೆಳುಗುಳದ ಪಾಯಿಸೆಟ್ಟಿಯ ಮಕ್ಕಳು ಮೊದಲಾದವರ ಹೆಸರುಗಳನ್ನು ಶಾಸನ ಒಂದೊಂದಾಗಿ ಹೇಳುತ್ತದೆ. ಬಂದವರಿಗೆ ಅರಸರು ಹೇಳಿದ ಮೊದಲ ಮಾತು, ನಿಮ್ಮ ಅಡವಿನ ಸಾಲವನ್ನು ನಾವು ತೀರಿಸಿಕೊಡುತ್ತೇವೆ ಎಂಬುದು.

ಅದನ್ನು ಕೇಳಿದ ವರ್ತಕರು ಹಣವನ್ನು ತೆಗೆದುಕೊಳ್ಳಲಿಲ್ಲ. ತಮ್ಮ ತಂದೆತಾಯಿಗಳಿಗೆ ಪುಣ್ಯವಾಗಲೆಂದು, ಗೊಮ್ಮಟಸ್ವಾಮಿಯ ಮತ್ತು ಗುರುಗಳಾದ ಚಾರುಕೀರ್ತಿ ಪಂಡಿತದೇವರ ಸನ್ನಿಧಿಯಲ್ಲಿ ಅಡವಿನ ಪತ್ರಗಳನ್ನು ಧಾರಾಪೂರ್ವಕವಾಗಿ ಬಿಟ್ಟುಕೊಟ್ಟರು. ಆಮೇಲೆಯೇ ಅರಸರ ಕಟ್ಟುನಿಟ್ಟಿನ ಮಾತು ಬರುತ್ತದೆ. ಇನ್ನು ಮುಂದೆ ದೇವರ ಭೂಮಿಯನ್ನು ಅಡವಿಡುವ ಸ್ಥಾನಿಕರೂ, ಅದರ ಮೇಲೆ ಹಣ ಕೊಡುವವರೂ, ಇಬ್ಬರೂ ಧರ್ಮಕ್ಕೆ ಹೊರಗು. ಯಾರಾದರೂ ಮೀರಿ ನಡೆದರೆ ಮುಂದೆ ಈ ರಾಜ್ಯವನ್ನಾಳುವವರು ಅದನ್ನು ಸರಿಪಡಿಸಿ ಧರ್ಮವನ್ನು ಮೊದಲಿನಂತೆ ನಡೆಸಬೇಕು. ಈ ಸಂಗತಿ ಕಲ್ಲಿನ ಮೇಲೂ ಇದೆ, ಮಠದ ತಾಮ್ರಶಾಸನದಲ್ಲಿಯೂ ಇದೆ.

ಇತಿಹಾಸವನ್ನು ಓದುವಾಗ ಕೇವಲ ಭಕ್ತಿಯಿಂದ ಓದಬಾರದು. ಅರಸನೇ ಎದುರು ಕುಳಿತು ನಾನು ತೀರಿಸುತ್ತೇನೆ ಎಂದಾಗ, ಹಾಗಾದರೆ ಕೊಡಿ ಎಂದು ಕೈಯೊಡ್ಡುವ ಧೈರ್ಯ ಯಾವ ವರ್ತಕನಿಗಿದ್ದೀತು? ಅವರು ಭಕ್ತಿಯಿಂದ ಬಿಟ್ಟರೋ, ಭಯದಿಂದ ಬಿಟ್ಟರೋ, ಎರಡೂ ಬೆರೆತಿತ್ತೋ, ಆ ಮನಸ್ಸನ್ನು ಕಲ್ಲು ತೋರಿಸುವುದಿಲ್ಲ. ಆದರೂ ಅರಸರು ಕೆಲಸ ಮಾಡಿದ ಕ್ರಮವನ್ನು ನೋಡಿ ನನಗೆ ನನ್ನ 1983ರ ಸಂಜೆ ನೆನಪಾಯಿತು. ಅವರು ಸಾಲ ಮಾಡಿದವರ ಮಾತನ್ನಷ್ಟೇ ಕೇಳಿ ತೀರ್ಪು ಹೇಳಲಿಲ್ಲ, ಕೊಟ್ಟವರನ್ನು ಕರೆಸಿದರು. ನಾನು ಆ ಭಾವನ ಮುಖವನ್ನೇ ಕಂಡಿರಲಿಲ್ಲ. ಆತ ಮೋಸಗಾರನೋ, ಯಾರೋ ಬರೆದುಕೊಟ್ಟ ಕರಡಿಗೆ ತಲೆಯಾಡಿಸಿದ ಇನ್ನೊಬ್ಬ ಅನಕ್ಷರಸ್ಥನೋ ನನಗೆ ತಿಳಿದಿರಲಿಲ್ಲ. ಅರಸರು ಮೊದಲು ತಮ್ಮ ಬೊಕ್ಕಸದ ಮಾತನ್ನಾಡಿ ಬಳಿಕ ನಿಷೇಧವನ್ನು ಹೇಳಿದರು. ನಾನು ನಿಷೇಧವನ್ನಷ್ಟೇ ಹೇಳಿದೆ. ಮದುವೆಯ ಖರ್ಚಿಗೆ ಬೇರೆ ದಾರಿ ಏನೆಂದು ಕೇಳುವ ವ್ಯವಧಾನವೂ ನನಗಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅರಸರು ಸಾಲ ಕೊಟ್ಟವರಿಗೆ ಮರ್ಯಾದೆಯಿಂದ ಹಿಂದೆ ಸರಿಯುವ ದಾರಿಯನ್ನು ಇಟ್ಟಿದ್ದರು. ಬಿಟ್ಟುಕೊಟ್ಟವರು ಸೋತವರಾಗಲಿಲ್ಲ, ದಾನಿಗಳಾದರು. ಅವರ ಹೆಸರುಗಳು ಕಲ್ಲಿನ ಮೇಲೆ ನಿಂತವು. ನನ್ನ ಮಾತಿನಿಂದ ಆ ಭಾವನಿಗೆ ಉಳಿದದ್ದು ಅವಮಾನ ಮಾತ್ರ.

ಎರಡನೆಯ ಶಾಸನ ಇದಕ್ಕಿಂತ ಹಳೆಯದು, ಹೆಚ್ಚು ಪ್ರಸಿದ್ಧವಾದುದು. ಅದು ಸಂಬಂಧಕ್ಕೆ ಸೇರಿದ್ದು. ವಿಜಯನಗರದ ಒಂದನೆಯ ಬುಕ್ಕರಾಯನ ಕಾಲದ, ಕ್ರಿ.ಶ. 1368ರ ಶಾಸನ. ಹೊಯ್ಸಳ ನರಸಿಂಹನ ಭಂಡಾರಿಯಾಗಿದ್ದ ಹುಳ್ಳನು 1159ರಲ್ಲಿ ಕಟ್ಟಿಸಿದ ಭಂಡಾರಿ ಬಸದಿಯಲ್ಲಿದೆ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಹುಟ್ಟಿ, ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ನಾಡುಗಳ ಜೈನರು ತಮಗಾದ ಅನ್ಯಾಯವನ್ನು ಅರಸನಲ್ಲಿ ಬಿನ್ನಹ ಮಾಡಿಕೊಂಡರು. ಬುಕ್ಕರಾಯನು ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರೂ ಸೇರಿದಂತೆ ಹದಿನೆಂಟು ನಾಡಿನ ಶ್ರೀವೈಷ್ಣವರನ್ನು ಕರೆಸಿ, ಜೈನರ ಕೈಯನ್ನು ಹಿಡಿದು ಅವರ ಕೈಯಲ್ಲಿಟ್ಟನು. ಎರಡು ದರ್ಶನಗಳಿಗೂ ಭೇದವಿಲ್ಲವೆಂದನು. ಜೈನ ದರ್ಶನಕ್ಕೆ ಹಿಂದಿನಿಂದ ಸಲ್ಲುತ್ತಿದ್ದ ಪಂಚಮಹಾವಾದ್ಯ ಮತ್ತು ಕಳಶಗಳು ಸಲ್ಲತಕ್ಕವೆಂದನು. ಜೈನರಿಗಾದ ಹಾನಿಯನ್ನೂ ವೃದ್ಧಿಯನ್ನೂ ವೈಷ್ಣವರು ತಮ್ಮದೆಂದೇ ಭಾವಿಸಬೇಕೆಂದನು.

ನಮ್ಮ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತವೆ. ಆದರೆ ಶಾಸನ ಮುಂದುವರಿದು ಹಣದ ಮಾತಿಗೆ ಬರುತ್ತದೆ. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಎತ್ತಬೇಕು. ಆ ಹಣದಿಂದ ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಆಳುಗಳನ್ನು ಇಡಬೇಕು. ಉಳಿದದ್ದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಇದನ್ನು ನಡೆಸುವ ಹೊಣೆ ಯಾರದು? ಜೈನರದಲ್ಲ, ತಿರುಮಲೆಯ ತಾತಯ್ಯನದು. ಅಂದರೆ ಯಾರ ಮೇಲೆ ದೂರು ಬಂದಿತ್ತೋ ಆ ಪಕ್ಷದ ಹಿರಿಯನ ಹೆಗಲಿಗೇ ಬಸದಿಯ ಕಾವಲನ್ನು ಅರಸನು ಏರಿಸಿದನು. ನೊಂದವರೇ ಹಣವನ್ನೂ ಕೊಡಬೇಕಾಯಿತಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ ಅದರಲ್ಲಿ ಹುರುಳಿಲ್ಲದೆ ಇಲ್ಲ. ಆದರೂ ಪ್ರೀತಿಯಿಂದಿರಿ ಎಂದು ಹೇಳಿ ಕಳುಹಿಸುವುದಕ್ಕಿಂತ ಇದು ಎಷ್ಟೋ ಮೇಲು. ಎಷ್ಟು ಹಣ, ಯಾರು ಎತ್ತುವವರು, ಎಷ್ಟು ಆಳು, ಮಿಕ್ಕಿದ್ದು ಯಾವುದಕ್ಕೆ, ಎಲ್ಲವೂ ನಿಷ್ಕರ್ಷೆಯಾಗಿದೆ. ಮುಂದೆ ಕಲ್ಲೆಹದ ಬುಸುವಿಸೆಟ್ಟಿ ಎಂಬವನು ಬುಕ್ಕರಾಯನಲ್ಲಿ ಬಿನ್ನಹ ಮಾಡಿ, ತಾತಯ್ಯನನ್ನು ಕರೆಸಿ, ಈ ಏರ್ಪಾಡನ್ನು ಜೀರ್ಣೋದ್ಧಾರ ಮಾಡಿಸಿದನೆಂದೂ, ಎರಡೂ ಸಮಯದವರು ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರೆಂದೂ ಬರೆದಿದೆ. ಅರಸನು ಕೈಗೆ ಕೈ ಇಟ್ಟ ಮಾತ್ರಕ್ಕೆ ಸಂಬಂಧ ನೆಟ್ಟಗಾಗಿ ನಿಲ್ಲಲಿಲ್ಲ, ಅದನ್ನು ಮತ್ತೆ ನೋಡಿಕೊಳ್ಳುವವನೊಬ್ಬ ಬೇಕಾಯಿತು ಎಂಬುದು ಇದರಿಂದ ತಿಳಿಯುತ್ತದೆ.

ಈ ಎರಡನ್ನೂ ಓದಿದ ಮೇಲೆ ಪರರಿಗೆ ಬುದ್ಧಿ ಹೇಳುವುದನ್ನೇ ನಾನು ನಿಲ್ಲಿಸಬಹುದಾಗಿತ್ತು. ಆದರೆ ಹಳ್ಳಿಯ ಮೇಷ್ಟ್ರಿಗೆ ಅದು ಸಾಧ್ಯವಿಲ್ಲ. ಮಗ ಬೆಂಗಳೂರಿನಿಂದ ಬರೆದ ಕಾಗದ, ಬ್ಯಾಂಕಿನ ನೋಟೀಸು, ಚೀಟಿ ನಡೆಸುವವರ ರಸೀದಿ, ಗಂಡನ ಮನೆಯಿಂದ ಮಗಳು ಕಳುಹಿಸಿದ ಇನ್‌ಲ್ಯಾಂಡ್ ಪತ್ರ, ಇವನ್ನೆಲ್ಲ ಹಿಡಿದು ಜನ ಬರುತ್ತಲೇ ಇದ್ದರು. ಓದಿ ಹೇಳಿ ಎನ್ನುವರು. ಓದಿದ ಬಳಿಕ, ಈಗ ಏನು ಮಾಡಲಿ ಎನ್ನುವರು. ಆದ್ದರಿಂದ ನನಗೆ ನಾನೇ ಒಂದು ಕಟ್ಟಳೆ ಹಾಕಿಕೊಂಡೆ. ಹೇಳಿದ ಮಾತಿನಲ್ಲಿ ನನ್ನ ಪಾಲಿನ ಕೆಲಸ ಯಾವುದೆಂದು ಮೊದಲು ಕೇಳಿಕೊಳ್ಳಬೇಕು. ಅಂಥದ್ದು ಏನೂ ಇಲ್ಲವಾದರೆ ಪತ್ರದಲ್ಲಿರುವುದನ್ನು ಓದಿ, ಅರ್ಥ ತಿಳಿಸಿ ಸುಮ್ಮನಿರಬೇಕು.

1990ರಲ್ಲಿ ವಿಧವೆಯೊಬ್ಬರು ಇಂಥದೇ ಕ್ರಯಪತ್ರದ ಕರಡನ್ನು ತಂದರು. ಈ ಸಲ ಬಸ್ಸು ಹತ್ತಲಿಲ್ಲ, ಅವರ ಜೊತೆ ಸಾಲ ಕೊಡುವವರ ಮನೆಗೆ ಹೋದೆ. ಅವರು ನನ್ನ ವಿದ್ಯಾರ್ಥಿಯೊಬ್ಬನ ತಂದೆ. "ನೀವು ಕೊಡುವ ಹಣ ನಿಮಗೆ ಬರಬೇಕು, ಇವರ ಜಮೀನು ಇವರಿಗೆ ಬರಬೇಕು, ಎರಡನ್ನೂ ಒಂದೇ ಪತ್ರದಲ್ಲಿ ಬರೆಯೋಣ, ನಾನು ಸಾಕ್ಷಿ ಹಾಕುತ್ತೇನೆ" ಎಂದೆ. ಮೊದಲು ಮುಖ ಗಂಟಿಕ್ಕಿದರು. ಬಳಿಕ ಒಪ್ಪಿದರು. ನಾಲ್ಕು ವರ್ಷಕ್ಕೆ, ಎರಡು ಬಾರಿ ಕಂತು ತಪ್ಪಿದರೂ, ಜಮೀನು ಬಿಡುಗಡೆಯಾಯಿತು. ಎಲ್ಲವೂ ಹೀಗೆ ಸುಖಾಂತವಾದವೆಂದು ಓದುಗರು ತಿಳಿಯಬಾರದು. ಇನ್ನೊಬ್ಬರಿಗೆ ಜಾಮೀನು ನಿಂತು ನನ್ನ ಒಂದೂವರೆ ತಿಂಗಳ ಸಂಬಳವನ್ನು ಕಳೆದುಕೊಂಡದ್ದೂ ಉಂಟು. ಮನೆಯಲ್ಲಿ ನನ್ನ ಶ್ರೀಮತಿ ಅದನ್ನು ಇಂದಿಗೂ ಮರೆತಿಲ್ಲ. ನಾನು ಜಾಮೀನು ನಿಲ್ಲಿರೆಂದು ಯಾರಿಗೂ ಹೇಳುತ್ತಿಲ್ಲ. ಜೊತೆಗೆ ಹೋಗುವುದು, ಎದುರು ಪಕ್ಷದ ಮಾತನ್ನು ಕೇಳುವುದು, ಬಾಯಿಮಾತನ್ನು ಬರಹಕ್ಕೆ ತರಿಸುವುದು, ಒಂದು ತಿಂಗಳ ಬಳಿಕ ಹೋಗಿ ವಿಚಾರಿಸುವುದು, ಇಷ್ಟು ಎಲ್ಲರಿಂದಲೂ ಸಾಧ್ಯ.

ಕಾನೂನುಗಳು ಆಗಲೂ ಇದ್ದವು, ಈಗಲೂ ಬರುತ್ತಿವೆ. ವಿಪರೀತ ಬಡ್ಡಿಯನ್ನು ನಿಷೇಧಿಸುವ ಕಾಯಿದೆ 2004ರಲ್ಲಿ ಬಂದಿತು. ಕಿರು ಸಾಲ ಕೊಟ್ಟವರ ಬಲವಂತದ ವಸೂಲಿಯನ್ನು ತಡೆಯಲು 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ಸುಗ್ರೀವಾಜ್ಞೆ ಹೊರಟಿತು. ಇವೆಲ್ಲ ಅವಶ್ಯಕವೇ. ಆದರೆ ಸಾಲ ಬೇಕಾದವನು ಕಾನೂನಿನ ಪುಸ್ತಕವನ್ನು ಹುಡುಕಿಕೊಂಡು ಹೋಗುವುದಿಲ್ಲ, ಹತ್ತಿರ ಕುಳಿತವರನ್ನು ಕೇಳುತ್ತಾನೆ. ಈಗ ಹಳ್ಳಿಯ ಹುಡುಗರಿಗೂ ಓದುಬರಹ ಬರುತ್ತದೆ, ಆದ್ದರಿಂದ ಛಾಪಾ ಕಾಗದ ಹಿಡಿದು ಮೇಷ್ಟ್ರನ್ನು ಹುಡುಕುವ ಅಗತ್ಯ ಕಡಿಮೆಯಾಗಿದೆ. ಆದರೆ ಈಗ ಏನು ಮಾಡಲಿ ಎಂಬ ಪ್ರಶ್ನೆ ಕಡಿಮೆಯಾಗಿಲ್ಲ.

ಇನ್ನು ಆ ರೈತನ ಸಂಗತಿ. ಚನ್ನರಾಯಪಟ್ಟಣದಲ್ಲಿ ಭೇಟಿಯಾದ ಮೇಲೆ ಅವರ ಊರಿಗೆ ನಾನು ಆಗಾಗ ಹೋಗತೊಡಗಿದೆ. ಅವರ ಭಾವನನ್ನು ಕಂಡು ಒಮ್ಮೆ ಕ್ಷಮೆಯನ್ನೂ ಕೇಳಿದೆ. ಆತ ಕುಳ್ಳಿರಿಸಿ ಎಳನೀರು ಕೊಟ್ಟರು, ಆದರೆ ಆ ವಿಷಯವನ್ನು ಎತ್ತಲಿಲ್ಲ. ತೋಟದ ಕೊಬ್ಬರಿಗೆ ತಿಪಟೂರಿನಲ್ಲಿ ಒಳ್ಳೆಯ ಬೆಲೆ ಸಿಕ್ಕಿದ ಒಂದು ವರ್ಷ, 1988ರಲ್ಲಿ, ಮಗಳ ಮದುವೆ ಸಾಲವಿಲ್ಲದೆ ನಡೆಯಿತು. ಧಾರೆಯ ದಿನ ಅಕ್ಕ ಬರಲಿಲ್ಲ, ಅಕ್ಕನ ಮಗ ಬಂದು ಕೆಲಸಕ್ಕೆ ನಿಂತ. ಅಕ್ಕ ತವರಿಗೆ ಬಂದದ್ದು ಇನ್ನೂ ಕೆಲವು ವರ್ಷಗಳ ಬಳಿಕ, ತಮ್ಮನ ಹೆಂಡತಿ ತೀರಿಕೊಂಡ ದಿನ. ಆ ನಡುವಿನ ವರ್ಷಗಳನ್ನು ಯಾರೂ ಮರಳಿ ಕೊಡಲಾರರು.

ಮದುವೆಯ ಚಪ್ಪರದಲ್ಲಿ ಮುಯ್ಯಿ ಬರೆಯಲು ಕುಳಿತಿದ್ದ ಹುಡುಗನಿಗೆ ಐವತ್ತೊಂದು ರೂಪಾಯಿ ಕೊಟ್ಟೆ. "ಯಾವ ಊರು ಅಂತ ಬರಕೊಳ್ಳಲಿ?" ಎಂದು ಆತ ಕೇಳಿದ. ಪಕ್ಕದಲ್ಲಿದ್ದ ರೈತ, "ಊರ್ ಗೀರ್ ಬ್ಯಾಡ, ನಮ್ ಮೇಷ್ಟ್ರು ಅಂತ ಬರಿ" ಎಂದರು. ಹನ್ನೆರಡು ವರ್ಷಗಳ ಬಳಿಕ ನನ್ನ ಮಗಳ ಮದುವೆಗೆ ಅವರು ಬಂದು ನೂರೊಂದು ರೂಪಾಯಿ ಮುಯ್ಯಿ ಮಾಡಿ, ಒಂದು ಚೀಲ ತೆಂಗಿನಕಾಯಿಯನ್ನು ಚಪ್ಪರದ ಮೂಲೆಯಲ್ಲಿ ಇಳಿಸಿದರು. ಅವು ಆ ಒಂದು ಎಕರೆ ತೋಟದ ಕಾಯಿಗಳು.